ಸುಮ್ನೆ ಕೂರೋಕೆ ಒಂದು ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಪಾಠ ಮಾಡುತ್ತಿದ್ದ ಕಾಲೇಜಿಗೆ ಒಂದು ಸಲ ನ್ಯಾಕ್ ತಂಡ, ಅಂದರೆ ಕಾಲೇಜುಗಳನ್ನು ನೋಡಿ ದರ್ಜೆ ಕೊಡುವವರು, ಬರುವುದಿತ್ತು. ಯಾವ ಕಾಲೇಜು ಅಂತ ಕೇಳಬೇಡಿ. ಅವರು ಬರುವ ಎರಡು ದಿನ ಮೊದಲು ಗೇಟಿಗೆ ಒಂದು ಟೆಂಪೋ ಬಂತು. ಅದರ ತುಂಬ ಹೂವಿನ ಕುಂಡಗಳು. ಚೆಂಡುಹೂವು, ಡೇರೆ, ಕ್ರೋಟನ್ಸು. ಗೇಟಿನಿಂದ ಪ್ರಿನ್ಸಿಪಾಲರ ಕೋಣೆಯ ತನಕ ಎರಡೂ ಕಡೆ ಸಾಲಾಗಿ ಜೋಡಿಸಿದರು. ಗೋಡೆಗೆ ಬಣ್ಣ ಬಂತು. ಮರದ ಬುಡಗಳನ್ನೂ ಬಿಡಲಿಲ್ಲ, ಕೆಮ್ಮಣ್ಣು, ಸುಣ್ಣದ ಪಟ್ಟೆ ಬಳಿದರು. ತಂಡ ಬಂತು, ನೋಡಿತು, ಊಟ ಮಾಡಿತು, ಹೊರಟಿತು. ಮಾರನೇ ದಿನ ಬೆಳಿಗ್ಗೆ ಅದೇ ಟೆಂಪೋ ಬಂದು ಕುಂಡಗಳನ್ನೆಲ್ಲ ಹೇರಿಕೊಂಡು ಹೋಯಿತು. ಬಾಡಿಗೆ ಕುಂಡಗಳು! ಇಟ್ಟಿದ್ದ ಕಡೆಯಲ್ಲೆಲ್ಲ ನೆಲದ ಮೇಲೆ ದುಂಡಗೆ ಒದ್ದೆ ಗುರುತು ಉಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಅದೂ ಆರಿತು.

ಆ ಒದ್ದೆ ಗುರುತು ನೋಡುತ್ತಾ ನಿಂತಾಗ ತಲೆಗೆ ಹೊಕ್ಕ ಪ್ರಶ್ನೆ ಇನ್ನೂ ಹೊರಗೆ ಹೋಗಿಲ್ಲ. ಒಂದು ಕಾಲೇಜಿನ ಆವರಣ ಚೆಂದ ಅಂತ ನಾವು ಹೇಳುತ್ತೇವಲ್ಲ, ಯಾವುದನ್ನು ನೋಡಿ ಹೇಳುತ್ತೇವೆ?

ನನಗೆ ತೋಚಿದ ಉತ್ತರ ಸ್ವಲ್ಪ ವಿಚಿತ್ರ. ಪಾಠ ನಡೆಯದ ಜಾಗಗಳನ್ನು ನೋಡಿ. ಕ್ಲಾಸಿನಿಂದ ಕ್ಲಾಸಿಗೆ ಹೋಗುವ ದಾರಿ, ಮರದ ಕೆಳಗಿನ ಕಟ್ಟೆ, ಲೈಬ್ರರಿ ಮೆಟ್ಟಿಲು, ಕ್ಯಾಂಟೀನಿನ ಹಿಂದಿನ ನೆರಳು. ಅಲ್ಲಿ ಯಾರಿಗೂ ಯಾವ ಕೆಲಸವೂ ಇಲ್ಲ. ಸುಮ್ನೆ ಕೂರಬಹುದು. ಅಂಥ ಜಾಗ ಎಷ್ಟಿದೆ, ಹೇಗಿದೆ ಅನ್ನುವುದರ ಮೇಲೆ ಕಾಲೇಜು ಚೆಂದವೋ ಅಲ್ಲವೋ ಅಂತ ನಾನು ಲೆಕ್ಕ ಹಾಕುತ್ತೇನೆ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐಐಎಂ ಒಳಗೆ ಹೋಗಿದ್ದೀರಾ? ಅದನ್ನು ರೂಪಿಸಿದವರು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು. ಭಾರತದವರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಗೋಡೆಗಳೆಲ್ಲ ಬೂದು ಬಣ್ಣದ ಒರಟು ಕಲ್ಲು. ಬಣ್ಣ ಬಳಿಯುವ ಖರ್ಚೇ ಇಲ್ಲ! ಆದರೆ ಆ ಆವರಣದ ಜೀವ ಇರುವುದು ಅದರ ಓಣಿಗಳಲ್ಲಿ. ಕಾರಿಡಾರ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕೆಲವು ಮೂರಂತಸ್ತಿನಷ್ಟು ಎತ್ತರ. ಒಂದು ಕಡೆ ಮೇಲೆ ಪೂರ್ತಿ ಚಾವಣಿ, ಇನ್ನೊಂದು ಕಡೆ ಬರೀ ತೊಲೆಗಳ ಹಂದರ, ಅದಕ್ಕೆ ಹಬ್ಬಿದ ಬಳ್ಳಿ. ಬೆಳಿಗ್ಗೆ ಹತ್ತಕ್ಕೆ ನೆಲದ ಮೇಲೆ ಬಿಸಿಲು ನೆರಳಿನ ಪಟ್ಟೆ ಒಂದು ಥರ. ಮೂರು ಗಂಟೆಗೆ ಹೋದರೆ ಅದೇ ಪಟ್ಟೆ ಗೋಡೆ ಹತ್ತಿರುತ್ತದೆ. ನಡೆಯುತ್ತಾ ಇದ್ದ ಹಾಗೆ ಓಣಿ ಅಗಲವಾಗುತ್ತದೆ. ಇಬ್ಬರು ನಿಂತು ಮಾತಾಡಿದರೆ ಮೂರನೆಯವರಿಗೆ ದಾರಿ ಬಿಡಬೇಕಾಗಿಲ್ಲ.

ಇದು ತಾನಾಗಿ ಆದದ್ದಲ್ಲ. ಕ್ಲಾಸಿನ ಹೊರಗೆ ಆಡುವ ಮಾತೂ ಕಲಿಕೆಯೇ ಅಂತ ದೋಶಿ ನಂಬಿದ್ದರು, ಅದಕ್ಕೇ ಓಣಿಗಳನ್ನು ಬೇಕಂತಲೇ ಹಾಗೆ ಮಾಡಿದರು. ಫತೇಪುರ ಸಿಕ್ರಿ, ಮಧುರೆಯ ದೇವಸ್ಥಾನ ಅವರ ಕಣ್ಣ ಮುಂದಿದ್ದವು. ನಮ್ಮ ಯಾವುದಾದರೂ ದೊಡ್ಡ ದೇವಸ್ಥಾನ ನೆನಪು ಮಾಡಿಕೊಳ್ಳಿ. ದರ್ಶನ ಎಷ್ಟು ಹೊತ್ತು? ಅರ್ಧ ನಿಮಿಷ. ‘ಮುಂದೆ ಹೋಗಿ, ಮುಂದೆ ಹೋಗಿ’ ಅಂತ ತಳ್ಳುತ್ತಾರೆ. ಆಮೇಲೆ ಪ್ರಾಕಾರದಲ್ಲಿ ಒಂದು ಕಂಬಕ್ಕೆ ಒರಗಿ ಕೂರುತ್ತೇವಲ್ಲ, ಅದು ಅರ್ಧ ಗಂಟೆ. ದೇವಸ್ಥಾನಕ್ಕೆ ಹೋದರೆ ಸ್ವಲ್ಪ ಹೊತ್ತು ಕೂತೇ ಎದ್ದು ಬರಬೇಕು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಕಾಲೇಜಿಗೂ ಒಂದು ಪ್ರಾಕಾರ ಬೇಕು.

ಧಾರವಾಡದ ಕರ್ನಾಟಕ ಕಾಲೇಜನ್ನೇ ನೋಡಿ. 1917ರಲ್ಲಿ ಶುರುವಾದ ಕಾಲೇಜು. ಆ ಕಲ್ಲಿನ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿಯಾಗಿತ್ತು. ಗುಮಾಸ್ತರಿಗೆ ಅಂತ ಕಟ್ಟಿದ್ದು ಹುಡುಗರಿಗೆ ಒಗ್ಗಿತು. ಈಗಿನ ಕೆಲವು ಕಾಲೇಜುಗಳದ್ದು ಉಲ್ಟಾ ಕತೆ. ಹುಡುಗರಿಗಾಗಿ ಅಂತಲೇ ಕಟ್ಟುತ್ತಾರೆ, ನೋಡಿದರೆ ಕಚೇರಿ ಥರ ಇರುತ್ತದೆ. ಮುಂದೆಲ್ಲ ಗಾಜು, ಒಳಗೆಲ್ಲ ಸೆಖೆ.

ಈಗ ಮರಗಳ ವಿಷಯಕ್ಕೆ ಬರೋಣ. ಮರ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಎಂಥ ಮರ, ಹೇಗೆ ಇರಬೇಕು ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟು, 1909ರದ್ದು. ಸುತ್ತ ಊರು ಕುದಿಯುತ್ತಿದ್ದರೂ ಒಳಗೆ ಕಾಲಿಟ್ಟರೆ ಗಾಳಿ ಬೇರೆ. ಅಲ್ಲಿ ಕಾಡುಪಾಪ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ತೆಳ್ಳಗಿನ ಕೈಕಾಲು, ಮುಖದ ತುಂಬ ಕಣ್ಣು, ಬಾಲ ಇಲ್ಲ. ರಾತ್ರಿ ಮಾತ್ರ ಓಡಾಡುವ ಪ್ರಾಣಿ. ಅದು ಮಂಗನ ಹಾಗೆ ನೆಗೆಯುವುದಿಲ್ಲ. ಒಂದು ಕೊಂಬೆ ಬಿಡುವ ಮೊದಲು ಇನ್ನೊಂದು ಕೊಂಬೆ ಕೈಗೆ ಸಿಗಬೇಕು. ಅಂದರೆ ಒಂದು ಮರದ ಕೊಂಬೆ ಪಕ್ಕದ ಮರಕ್ಕೆ ತಾಗಿರಬೇಕು. ಕರೆಂಟ್ ತಂತಿಗೆ ಅಡ್ಡ ಅಂತಲೋ, ಕಟ್ಟಡ ಕಾಣಲಿ ಅಂತಲೋ ನಡುವೆ ಒಂದು ಮರ ಕಡಿದರೆ ಅದರ ರಸ್ತೆಯೇ ಮುಚ್ಚಿಹೋಯಿತು. ಹೋದ ಕಡೆಯಲ್ಲೆಲ್ಲ ಈಗ ನಾನು ತಲೆ ಎತ್ತಿ ನೋಡುತ್ತೇನೆ. ಇಲ್ಲೊಂದು ಕಾಡುಪಾಪ ಗೇಟಿನಿಂದ ಲೈಬ್ರರಿ ತನಕ ಕೆಳಗಿಳಿಯದೆ ಹೋಗಬಲ್ಲದೇ? ಹೌದು ಅನಿಸಿದರೆ ಕೆಳಗೆ ನಡೆಯುವ ನಮಗೂ ಅಷ್ಟುದ್ದ ನೆರಳು ಸಿಕ್ಕಿದೆ ಅಂತ ಅರ್ಥ.

ಹೂವಿನ ಮಾತು ಬಿಟ್ಟರೆ ತಪ್ಪಾಗುತ್ತದೆ. 1908ರಿಂದ 1932ರ ತನಕ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಅವರಿಗೆ ಒಂದು ಹುಚ್ಚಿತ್ತು. ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಬೇಕು, ವರ್ಷವಿಡೀ ಬೆಂಗಳೂರಿನ ರಸ್ತೆಯಲ್ಲಿ ಏನಾದರೂ ಅರಳಿರಬೇಕು. ಹಾಗೆ ಲೆಕ್ಕ ಹಾಕಿ ಮರ ನೆಡಿಸಿದರು. ಕಾಲೇಜುಗಳಲ್ಲಿ ಈ ಲೆಕ್ಕ ಇನ್ನೂ ಮಜವಾಗಿರುತ್ತದೆ. ಚಳಿ ಮುಗಿಯುವ ಹೊತ್ತಿಗೆ ಗುಲಾಬಿ ಬಣ್ಣದ ಟಬೂಬಿಯಾ, ಅದರ ಹಿಂದೆಯೇ ನೀಲಿ ಜಕರಂಡ. ಯುಗಾದಿ ಸುಮಾರಿಗೆ ಹೊಂಗೆ ಎಲೆ ಉದುರಿಸಿ, ಎಣ್ಣೆ ಸವರಿದ ಹಾಗೆ ಹೊಳೆಯುವ ಹೊಸ ಚಿಗುರು ಹೊದೆಯುತ್ತದೆ. ಆಮೇಲೆ ಬರೋದು ಗುಲ್‌ಮೊಹರ್. ಬೆಂಕಿಯ ಥರ ಕೆಂಪು. ಹುಡುಗರು ತಲೆ ಬಗ್ಗಿಸಿಕೊಂಡು ಪರೀಕ್ಷೆ ಬರೆಯುವಾಗ ಅದು ಕಿಟಕಿಯ ಹೊರಗೆ ಉರಿಯುತ್ತಿರುತ್ತದೆ. ನೋಡಲು ಯಾರಿಗೂ ಪುರುಸೊತ್ತಿಲ್ಲ. ಪರೀಕ್ಷಾ ಮೇಲ್ವಿಚಾರಣೆಗೆ ನಿಂತ ನನ್ನಂಥವರು ಮೂರು ಗಂಟೆ ಅದನ್ನೇ ನೋಡಿದ್ದೇವೆ. ನಮ್ಮ ಸಂಬಳದಲ್ಲಿ ಅದೂ ಸೇರಿತ್ತು ಅನ್ನಿ.

ಮೈಸೂರಿನ ಮಾನಸಗಂಗೋತ್ರಿಯ ಭಾಗ್ಯವೇ ಬೇರೆ. ಹೆಸರಿಟ್ಟವರು ಕುವೆಂಪು, ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಹೆಜ್ಜಾರ್ಲೆಗಳು ತೇಲುವ ಕೆರೆ ಪಕ್ಕದಲ್ಲಿದ್ದರೆ ಇನ್ನು ಕಾರಂಜಿ ಯಾಕೆ ಬೇಕು?

ಮೈಸೂರು ಅಂದ ಕೂಡಲೇ, ಬಾನುಲಿಯಲ್ಲಿ ಕೂತು ಒಂದು ಮಾತು ಹೇಳದಿದ್ದರೆ ಋಣ ತೀರುವುದಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಅಂತ ಹೆಸರು ಬಂತು. ಒಬ್ಬ ಮೇಷ್ಟ್ರ ಖಯಾಲಿ, ನೋಡಿ. ಅದೇ ಕಾಲೇಜಿನಿಂದ 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ಸ್ಟೇಷನ್ ತನಕ ಎಳೆದುಕೊಂಡು ಹೋದರು. ಇಂಥ ಮೇಷ್ಟ್ರು, ಇಂಥ ಹುಡುಗರು ಗಂಟೆ ಹೊಡೆದ ಮೇಲೂ ಕಾಲೇಜಿನಲ್ಲಿ ಉಳಿಯುತ್ತಿದ್ದರು ಅಂತ ನನ್ನ ಅಂದಾಜು. ಗಂಟೆ ಹೊಡೆದ ಕೂಡಲೇ ಬೈಕ್ ಹತ್ತಿ ಓಡುವ ಕಡೆ ಈ ಥರದ ನಂಟು ಬೆಳೆಯುವುದು ಕಷ್ಟ.

ಇನ್ನೊಂದು ವಿಷಯ. ಇದನ್ನು ಚೆಂದದ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ಶೌಚಾಲಯ. ಹುಲ್ಲುಹಾಸು, ಕಾರಂಜಿ, ಪ್ರತಿಮೆ ಎಲ್ಲ ಇರುತ್ತದೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿರುವುದಿಲ್ಲ, ಬಾಗಿಲಿಗೆ ಚಿಲಕ ಇರುವುದಿಲ್ಲ. ಬೆಳಿಗ್ಗೆ ಹಳ್ಳಿಯಿಂದ ಬಸ್ಸು ಹತ್ತಿದ ಹುಡುಗಿ ಸಂಜೆ ಮನೆ ಸೇರುವ ತನಕ ನೀರೇ ಕುಡಿಯುವುದಿಲ್ಲ. ಬಾಟಲಿ ತುಂಬಿಕೊಂಡು ಬಂದದ್ದು ತುಂಬಿಕೊಂಡೇ ವಾಪಸ್ ಹೋಗುತ್ತದೆ. ನನ್ನ ಕ್ಲಾಸಿನಲ್ಲಿ ಮಧ್ಯಾಹ್ನ ತಲೆನೋವು ಅಂತ ಡೆಸ್ಕಿಗೆ ತಲೆ ಇಡುತ್ತಿದ್ದ ಹುಡುಗಿಯರನ್ನು ಎಷ್ಟೋ ಸಲ ಗದರಿದ್ದೇನೆ. ಕಾರಣ ಗೊತ್ತಾಗಲು ನನಗೆ ವರ್ಷಗಳೇ ಹಿಡಿದವು. ಗಾಲಿಕುರ್ಚಿಯಲ್ಲಿ ಬರುವ ಹುಡುಗನಿಗೆ ಮೆಟ್ಟಿಲ ಪಕ್ಕ ಒಂದು ಇಳಿಜಾರು ಇಲ್ಲದಿದ್ದರೆ ನಾನು ಇಷ್ಟು ಹೊತ್ತು ಹೊಗಳಿದ ಲೈಬ್ರರಿ ಮೆಟ್ಟಿಲೂ ಅವನಿಗೆ ಒಂದು ಗೋಡೆಯೇ, ಅಲ್ವಾ?

ನಮ್ಮ ಕಾಲೇಜಿನ ಕಟ್ಟೆಯ ಕತೆ ಹೇಳಿ ಮುಗಿಸುತ್ತೇನೆ. ಹೊಂಗೆ ಮರದ ಸುತ್ತ ಕಲ್ಲುಚಪ್ಪಡಿಯ ಕಟ್ಟೆ. ಎಷ್ಟೋ ವರ್ಷ ಜನ ಕೂತೂ ಕೂತೂ ಚಪ್ಪಡಿಯ ಅಂಚು ನುಣುಪಾಗಿತ್ತು. ಮಾರ್ಚಿ ಬಂದರೆ ಅದರ ಮೇಲೆ ಪುರಿ ಚೆಲ್ಲಿದ ಹಾಗೆ ಹೊಂಗೆ ಹೂವು. ಫೀಸು ಕಟ್ಟಲು ದುಡ್ಡಿಲ್ಲ ಅಂತ ಅತ್ತವರು, ಸೀನಿಯರ್ ನೋಟ್ಸ್ ನಕಲು ಮಾಡಿದವರು, ಲವ್ ಲೆಟರಿಗೆ ಕಾಗುಣಿತ ತಿದ್ದಿಸಿಕೊಂಡವರು, ಎಲ್ಲ ಅಲ್ಲೇ. ನಾನು ಕೆಲಸ ಬಿಡುವ ಮುಂಚಿನ ವರ್ಷ ಅದನ್ನು ಒಡೆದರು. ಸುಂದರೀಕರಣ ಅಂತ ಅದಕ್ಕೆ ಹೆಸರು. ಇಂಟರ್‌ಲಾಕ್ ಹಾಸಿ ಕಾರ್ ಪಾರ್ಕಿಂಗ್ ಮಾಡಿದರು, ಮರದ ಬುಡಕ್ಕೆ ಒಂದು ಗೇಣು ಮಣ್ಣು ಬಿಟ್ಟರು. ಸ್ವಲ್ಪ ದೂರದಲ್ಲಿ ಬಿಸಿಲಿನಲ್ಲಿ ಸೆಲ್ಫಿ ಪಾಯಿಂಟ್ ಬಂತು. ನಾನು ಮೀಟಿಂಗಿನಲ್ಲಿ ಒಂದು ಮಾತು ಆಡಿದೆ. ಇನ್ನೂ ಜೋರಾಗಿ ಆಡಬೇಕಿತ್ತು.

ಹೋದ ತಿಂಗಳು ಪೆನ್ಷನ್ ಕಾಗದದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಗುಮಾಸ್ತರು ಊಟಕ್ಕೆ ಹೋಗಿದ್ದರು. ಕಾಯಲು ಹೊರಗೆ ಬಂದೆ. ಹೊಂಗೆ ಮರ ಒಂದು ಕಡೆ ಒಣಗಿದೆ. ಉಳಿದರ್ಧದ ನೆರಳಿನಲ್ಲಿ ಕಾರು ನಿಲ್ಲಬೇಕಾದ ಜಾಗದಲ್ಲಿ ಐದಾರು ಹುಡುಗ ಹುಡುಗಿಯರು. ಕಟ್ಟೆ ಒಡೆದಾಗ ಉಳಿದ ಒಂದು ಚಪ್ಪಡಿಯನ್ನು ಎಲ್ಲಿಂದಲೋ ಎಳೆದು ತಂದು ಎರಡು ಇಂಟರ್‌ಲಾಕ್ ಕಲ್ಲಿನ ಮೇಲೆ ಕೂರಿಸಿದ್ದರು. ನಾನು ಬಿಸಿಲಲ್ಲಿ ನಿಂತದ್ದು ನೋಡಿ ಒಬ್ಬಳು ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಪಕ್ಕಕ್ಕೆ ಸರಿದಳು.

‘ಬನ್ನಿ ಸಾರ್, ಕೂತ್ಕೊಳ್ಳಿ. ಸ್ವಲ್ಪ ಅಲ್ಲಾಡತ್ತೆ, ನೋಡ್ಕೊಂಡು ಕೂತ್ಕೊಳ್ಳಿ.’

ನಮಸ್ಕಾರ.