ಹವಳ ಬಿದ್ದರೆ ಅಂಟನ್ನು ಬೈಯಬೇಡಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಕಲ್ಲಿಗೆ ಅಂಟಿಸಿದ ಹವಳದ ಫ್ರ್ಯಾಗ್ (ಕತ್ತರಿಸಿ ತೆಗೆದ ಸಣ್ಣ ತುಂಡು) ಮಾರನೇ ದಿನ ಮರಳಲ್ಲಿ ಮಕಾಡೆ ಬಿದ್ದಿದ್ದರೆ ಎಲ್ಲರೂ ಬೈಯೋದು ಸೂಪರ್ ಗ್ಲೂವನ್ನು. ಅಂಟು ಒಂದರಿಂದಲೇ ಎರಡು ಕೆಲಸ ಮಾಡಿಸೋಕೆ ಹೋಗ್ತೀವಿ, ಎಡವಟ್ಟಾಗೋದು ಅಲ್ಲೇ.

ಸೂಪರ್ ಗ್ಲೂ ಅಂದರೆ ಸೈನೋಅಕ್ರಿಲೇಟ್. ಅದು ಗಟ್ಟಿಯಾಗೋದೇ ತೇವ ತಾಗಿದಾಗ. ಟ್ಯಾಂಕಿನ ನೀರಿಗೆ ಇಳಿಸಿದ ಕೂಡಲೇ ಮೇಲೆ ತೆಳು ಸಿಪ್ಪೆ ಕಟ್ಟುತ್ತೆ. ಸಿಪ್ಪೆ ಕಲ್ಲಿಗೆ ತಾಗಿ ಪ್ರಯೋಜನವಿಲ್ಲ, ಒಳಗಿನ ಹಸಿ ಅಂಟು ತಾಗಬೇಕು. ಎಪಾಕ್ಸಿ ಪುಟ್ಟಿ ಇದಕ್ಕೆ ಉಲ್ಟಾ. ಕಲ್ಲಿನ ಸಂದುಗೊಂದು ತುಂಬುತ್ತೆ, ಭಾರ ಹೊರುತ್ತೆ, ಆದರೆ ಒದ್ದೆ ಮೈಗೆ ಸರಿಯಾಗಿ ಹಿಡಿಯಲ್ಲ. ಆದ್ದರಿಂದ ಎರಡೂ ಬೇಕು: ಅಂಟು, ಪುಟ್ಟಿ, ಮತ್ತೆ ಅಂಟು.

ಮೊದಲು ಜಾಗ. ಕಲ್ಲಿನ ಮೇಲಿನ ಪಾಚಿಯನ್ನು ಗಟ್ಟಿ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೀರಿ. ಪಾಚಿಗೆ ಅಂಟಿದ ಹವಳ ಪಾಚಿ ಸಮೇತ ಕಿತ್ತು ಬರುತ್ತೆ. ನೀರಲ್ಲಿ ಅಲೆ ಎಬ್ಬಿಸೋ ವೇವ್‌ಮೇಕರ್ ನಿಲ್ಲಿಸಿ. ಪುಟ್ಟಿಯ ಎರಡು ಬಣ್ಣ ಒಂದಾಗೋವರೆಗೆ ನಾದಿ. ನಡುವೆ ಗೆರೆ ಉಳಿದರೆ ಅಲ್ಲಿ ಅದು ಗಟ್ಟಿಯಾಗಲ್ಲ. ಫ್ರ್ಯಾಗ್‌ನ ಬುಡವನ್ನು ಟಿಶ್ಯೂನಿಂದ ಒತ್ತಿ ಒಣಗಿಸಿ, ಜೆಲ್ ರೂಪದ ಸೂಪರ್ ಗ್ಲೂ ಹಚ್ಚಿ, ಸಣ್ಣ ಪುಟ್ಟಿ ಉಂಡೆಗೆ ಒತ್ತಿ, ಉಂಡೆಯ ತಳಕ್ಕೆ ಮತ್ತೆ ಜೆಲ್ ಹಾಕಿ. ನೀರಿಗಿಳಿಸಿ ಕಲ್ಲಿಗೆ ಒತ್ತುವಾಗ ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ. ಸಿಪ್ಪೆ ಹರಿದು ಹಸಿ ಅಂಟು ಕಲ್ಲು ಮುಟ್ಟೋದು ಆ ತಿರುಚಿನಿಂದಲೇ. ಜೆಲ್ ಮಾತ್ರ ತಗೊಳ್ಳಿ, ನೀರಿನಂಥ ಗ್ಲೂ ಹರಿದು ಹೋಗುತ್ತೆ. ಒಂದೇ ದಿನ ಪುಟ್ಟಿ ಜಾಸ್ತಿ ಬಳಸಿದರೆ ಸ್ಕಿಮ್ಮರ್ (ನೊರೆಯ ಮೂಲಕ ನೀರಿನ ಕೊಳೆ ತೆಗೆಯೋ ಯಂತ್ರ) ನೊರೆ ಉಕ್ಕಿಸುತ್ತೆ, ಅದನ್ನು ತಗ್ಗಿಸಿಡಿ.

ಇನ್ನು ಪ್ಲಗ್, ಅಂದರೆ ಅಂಗಡಿಯವರು ಫ್ರ್ಯಾಗ್ ಅಂಟಿಸಿ ಕೊಡೋ ಸಣ್ಣ ಬಿಲ್ಲೆ. ಅಂಗಡಿಯ ಪ್ಲಗ್ ಸಮೇತ ಕಲ್ಲಿಗೆ ಅಂಟಿಸೋದನ್ನು ನಾನು ಒಪ್ಪಲ್ಲ. ಡಿಪ್ ಮಾಡಿದರೆ, ಅಂದರೆ ಹವಳವನ್ನು ಔಷಧಿ ನೀರಲ್ಲಿ ಅದ್ದಿದರೆ, ಓಡಾಡೋ ಹುಳುಗಳು, ನ್ಯೂಡಿಬ್ರಾಂಕ್‌ಗಳು (ಚಿಪ್ಪಿಲ್ಲದ ಕಡಲ ಬಸವನಹುಳುಗಳು) ಉದುರುತ್ತವೆ. ಅವುಗಳ ಮೊಟ್ಟೆಗೆ ಏನೂ ಆಗಲ್ಲ. ಮೊಟ್ಟೆ ಪ್ಲಗ್‌ನ ಅಡಿಯಲ್ಲಿ ಕೂತಿರಬಹುದು, ಪಕ್ಕದಲ್ಲೇ ಐಪ್ಟೇಸಿಯಾದ (ಟ್ಯಾಂಕಿನಲ್ಲಿ ಕಳೆಯಂತೆ ಹಬ್ಬೋ ಕಡಲ ಅನಿಮೋನ್) ಒಂದು ಚೂರೂ ಇರಬಹುದು. ಬೋನ್ ಕಟರ್‌ನಿಂದ ಪ್ಲಗ್ ಕತ್ತರಿಸಿ ಬಿಸಾಕಿ. ಟಾರ್ಚ್, ಹ್ಯಾಮರ್‌ನಂಥ ಉದ್ದ ಎಳೆಗಳ ಹವಳಗಳಾದರೆ ಅಸ್ಥಿಭಾಗಕ್ಕೆ ಮಾತ್ರ ಅಂಟು, ಮಾಂಸಕ್ಕೆ ತಾಗಿಸಬೇಡಿ. ಟಾರ್ಚ್‌ನ ಕುಟುಕೋ ಎಳೆಗಳು ರಾತ್ರಿ ದೂರ ಚಾಚುತ್ತವೆ, ಸುತ್ತ 15 ಸೆಂ.ಮೀ. ಬಿಡಿ.

ಝೋವಾ (ಗುಂಪಾಗಿ ಬೆಳೆಯೋ, ಹವಳದಂಥ ಮೆತ್ತನೆ ಜೀವಿ) ಮುಟ್ಟುವಾಗ ಗ್ಲೌಸ್, ಕನ್ನಡಕ ಎರಡೂ ಕಡ್ಡಾಯ. ಕೆಲವು ಝೋವಾಗಳಲ್ಲಿ, ಅದರಲ್ಲೂ ಪಾಲಿಥೋವಾಗಳಲ್ಲಿ, ಪಾಲಿಟಾಕ್ಸಿನ್ ಅನ್ನೋ ಕಡು ವಿಷ ಇರುತ್ತೆ. ಅವು ಬೆಳೆದ ಕಲ್ಲಿಗೆ ಬಿಸಿನೀರು ಹಾಕಲೇಬೇಡಿ, ಕುದಿಸಲೂಬೇಡಿ. ಆ ಆವಿ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ.

ಭಾರತದಲ್ಲಿರುವವರಿಗೆ ಒಂದು ಮಾತು. ಕಲ್ಲುಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಡೈವ್ ಮಾಡುವಾಗ ಒಂದು ಚೂರು ಮುರಿದು ತಂದರೂ ಅಪರಾಧ. ಆ ಹವಳ ಅಲ್ಲೇ ಬೆಳೀಲಿ.

ಕೊನೆಗೆ ಅಣಬೆಯಂತೆ ಕಾಣೋ ಮಶ್ರೂಮ್ ಹವಳ. ಅದರ ಲೋಳೆಗೆ ಯಾವ ಅಂಟೂ ನಿಲ್ಲಲ್ಲ. ಸಣ್ಣ ಡಬ್ಬಿಯಲ್ಲಿ ಕಲ್ಲಿನ ಚೂರುಗಳ ಮೇಲೆ ಅದನ್ನು ಬಿಟ್ಟು, ಬಾಯಿಗೆ ಬಲೆ ಕಟ್ಟಿ, ಪ್ರವಾಹ ಕಡಿಮೆ ಇರೋ ಮೂಲೆಯಲ್ಲಿ ಇಡಿ. ಒಂದೆರಡು ವಾರದಲ್ಲಿ ತಾನೇ ಒಂದು ಚೂರಿಗೆ ಕಚ್ಚಿಕೊಳ್ಳುತ್ತೆ. ಆಮೇಲೆ ಆ ಚೂರಿಗೆ ಅಂಟು ಹಚ್ಚಿ, ಬೇಕಾದಲ್ಲಿ ಕೂರಿಸಿ.