ದುರ್ಬೀನ್ ಆಪರೇಷನ್ ಅಂದ್ರೆ ಏನು: ಬೆಳಗಾವಿಯ ಗರಡಿಯೊಂದರಲ್ಲಿ ಆಡಿದ ಮಾತು

ವಸ್ತಾದರಿಗೆ, ಪೈಲ್ವಾನರಿಗೆ, ಕಬಡ್ಡಿ ಆಡೋ ಹುಡುಗ ಹುಡುಗಿಯರಿಗೆ ನಮಸ್ಕಾರ. ಅಖಾಡದ ಪಕ್ಕದಲ್ಲೇ ಕೂತು ಮೊಣಕಾಲಿನ ಬಗ್ಗೆ ಮಾತಾಡಬೇಕು ಅಂತ ಬಹಳ ದಿನದ ಆಸೆ, ಯಾಕಂದ್ರೆ ಮೂಳೆ-ಕೀಲಿನ ಡಾಕ್ಟರ್ ಆದ ನಾನು ನೋಡೋ ಎಷ್ಟೋ ಮೊಣಕಾಲುಗಳು ಇಂಥ ಮಣ್ಣಿನಿಂದಲೇ ಬರುತ್ತವೆ. ದುರ್ಬೀನ್ ಆಪರೇಷನ್ ಅಂದ್ರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಕೊಳವೆ ಹಾಕಿ, ಕೀಲಿನ ಒಳಗೆ ನೋಡುತ್ತಲೇ ರಿಪೇರಿ ಮಾಡೋದು.

ಗೋಕಾಕ ಕಡೆಯ ಒಬ್ಬ ಹುಡುಗ, ಕಬಡ್ಡಿ ರೇಡರ್. ಗೆರೆ ಕಡೆ ತಿರುಗುವಾಗ ಪಾದ ನೆಲ ಕಚ್ಚಿತು, ಮೈ ಮಾತ್ರ ತಿರುಗಿತು. ಒಳಗೆ ಟಕ್ ಅಂದ ಹಾಗಾಯಿತು. ಎರಡು ತಾಸಿನಲ್ಲಿ ಮೊಣಕಾಲು ಊದಿತು. ಎಕ್ಸ್‌ರೇ ತೆಗೆಸಿದರು, ಮೂಳೆ ಸರಿ ಇತ್ತು. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡ, ಮೂರು ವಾರಕ್ಕೆ ನಡೆದಾಡಿದ, ಮತ್ತೆ ಆಡಲು ಇಳಿದ. ಆಮೇಲೆ ಹೊಲದ ಬದು ದಾಟುವಾಗಲೂ ಕಾಲು ಕೈ ಕೊಡತೊಡಗಿತು. ನನ್ನ ಹತ್ರ ಬಂದಿದ್ದು ಎಂಟು ತಿಂಗಳ ನಂತರ.

ಎಕ್ಸ್‌ರೇಯಲ್ಲಿ ಲಿಗಮೆಂಟ್, ಅಂದ್ರೆ ಮೂಳೆಗೆ ಮೂಳೆ ಕಟ್ಟಿ ಹಿಡಿಯೋ ಪಟ್ಟಿ, ಕಾಣೋದಿಲ್ಲ. ಪೆಟ್ಟು ಬಿದ್ದ ಕೆಲವೇ ತಾಸಿನಲ್ಲಿ ಊದಿದರೆ ಕೀಲಿನ ಒಳಗೆ ರಕ್ತ ಸೇರಿದೆ ಅಂತ ಅನುಮಾನಿಸಬೇಕು. ಆಗ ತಿಕ್ಕಿಸಬೇಡಿ, ತೋರಿಸಿ.

ನಾವು ಮೊದಲು ನೋಡೋದು ಕೈಯಿಂದಲೇ. ಮೊಣಕಾಲನ್ನು 20-30 ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕೆಳಗಿನ ಕಾಲನ್ನು ಮುಂದಕ್ಕೆ ಎಳೀತೀವಿ. ಕೀಲಿನ ಒಳಗೆ ಇದ್ದು ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ ಹಿಡಿಯೋ ಎಸಿಎಲ್ ಲಿಗಮೆಂಟ್ ಗಟ್ಟಿ ಇದ್ದರೆ ಬಿಗಿದ ಹಗ್ಗದ ಹಾಗೆ ಥಟ್ಟನೆ ತಡೆಯುತ್ತೆ, ಹರಿದಿದ್ದರೆ ಆ ತಡೆಯೇ ಸಿಗೋದಿಲ್ಲ. ಇದು ಲ್ಯಾಕ್‌ಮನ್ ಪರೀಕ್ಷೆ. ಆಮೇಲೆ ಎಂಆರ್‌ಐ. ಸುಮ್ನೆ ಒಳಗೆ ಇಣುಕೋಕೆ ಅಂತ ದುರ್ಬೀನ್ ಹಾಕೋದು ಈಗ ಕಡಿಮೆ, ನೋಡುತ್ತಲೇ ರಿಪೇರಿ ಮಾಡೋದಿದ್ದಾಗ ಹಾಕ್ತೀವಿ.

ಈ ವಿದ್ಯೆ ಹಳೆಯದು. 1918ರಲ್ಲಿ ಜಪಾನಿನ ಕೆಂಜಿ ತಕಾಗಿ, ಮೂತ್ರಕೋಶ ನೋಡುವ ಕೊಳವೆಯನ್ನೇ ಹೆಣದ ಮೊಣಕಾಲಿನೊಳಗೆ ಹಾಕಿ ನೋಡಿದ್ದರು.

ಈಗಿನ ಕೊಳವೆ ಸುಮಾರು 4 ಮಿಲಿಮೀಟರ್ ದಪ್ಪ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸ್ನಾಯು ಸಡಿಲವಾದ ಮೇಲೆ ಇನ್ನೊಮ್ಮೆ ಕೈಯಿಂದ ಪರೀಕ್ಷೆ ಮಾಡ್ತೀವಿ. ಮೊದಲು ನೋವಿಗೆ ಬಿಗಿಹಿಡಿದ ಕಾಲು ಆಗ ನಿಜ ಹೇಳುತ್ತೆ. ಮೊಣಕಾಲು ಚಿಪ್ಪಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಸಣ್ಣ ರಂಧ್ರ. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ತುದಿ ಬಾಗಿದ ಕೊಕ್ಕೆ. ಸಲೈನ್ ನೀರು ಬಿಟ್ಟು ಕೀಲು ಹಿಗ್ಗಿಸ್ತೀವಿ. ಲೆನ್ಸ್ 30 ಡಿಗ್ರಿ ಓರೆ ಇರೋದರಿಂದ ಕೊಳವೆ ತಿರುಗಿಸಿದರೆ ಸಾಕು, ಮೂಲೆಗಳೂ ಕಾಣುತ್ತವೆ.

ಆದರೆ ನನಗೆ ಕ್ಯಾಮೆರಾಗಿಂತ ಆ ಕೊಕ್ಕೆಯ ಮೇಲೆ ಜಾಸ್ತಿ ನಂಬಿಕೆ. ಈ ಹುಡುಗನ ಎಸಿಎಲ್ ಟಿವಿ ಪರದೆಯಲ್ಲಿ ಮೊದಲ ನೋಟಕ್ಕೆ ಇಡಿಯಾಗಿಯೇ ಕಂಡಿತು, ಬಿಳಿ ಪಟ್ಟಿ, ಮೇಲೆ ಸಣ್ಣ ಕೆಂಪು ರಕ್ತನಾಳಗಳು. ಕೊಕ್ಕೆ ಹಾಕಿ ಎಳೆದೆ, ತೋಯ್ದ ದಾರದ ಹಾಗೆ ಜೋತುಬಿತ್ತು. ಕಾಲನ್ನು ಇನ್ನೊಂದು ಕಾಲಿನ ಮೇಲೆ ಚಕ್ಕಳಮಕ್ಕಳದ ಹಾಗೆ ಮಡಚಿ ನೋಡಿದರೆ ತೊಡೆಮೂಳೆಯ ಗೋಡೆ ಬರಿದು. ಅಲ್ಲಿಂದ ಕಿತ್ತುಬಂದ ಲಿಗಮೆಂಟು ಪಕ್ಕದ ಪಿಸಿಎಲ್ ಅನ್ನೋ ಇನ್ನೊಂದು ಲಿಗಮೆಂಟಿಗೆ ಅಂಟಿಕೊಂಡಿತ್ತು. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಎಂಟು ತಿಂಗಳ ಜಾರಾಟದಲ್ಲಿ ಮೂಳೆಗಳ ನಡುವಿನ ಗಾದಿ, ಅಂದ್ರೆ ಮೆನಿಸ್ಕಸ್, ಹೊಲಿಯೋಕೂ ಬಾರದಷ್ಟು ಚಿಂದಿಯಾಗಿತ್ತು. ಲಿಗಮೆಂಟನ್ನು ತೊಡೆ ಹಿಂದಿನ ಸ್ನಾಯುರಜ್ಜಿನಿಂದ ಹೊಸದಾಗಿ ಮಾಡಿದೆವು. ಕತ್ತರಿಸಿ ತೆಗೆದ ಗಾದಿಯನ್ನು ಮರಳಿ ಕೊಡೋಕೆ ಆಗಲಿಲ್ಲ, ಅದು ನನಗೆ ಇವತ್ತಿಗೂ ಬೇಜಾರು.

ಎಲ್ಲ ಲಿಗಮೆಂಟಿಗೂ ಆಪರೇಷನ್ ಬೇಕಿಲ್ಲ. ಮೊಣಕಾಲಿನ ಒಳಬದಿಯ ಎಂಸಿಎಲ್ ಲಿಗಮೆಂಟು ಕೀಲಿನ ಗೂಡಿನ ಆಚೆಗಿದೆ, ಅದರ ಗಾಯ ಹೆಚ್ಚಿನ ಸಲ ಬ್ರೇಸ್‌ನಲ್ಲೇ, ಅಂದ್ರೆ ಮೊಣಕಾಲಿಗೆ ಕಟ್ಟೋ ಆಸರೆಯಲ್ಲೇ, ಕೂಡಿಕೊಳ್ಳುತ್ತೆ.

ರಂಧ್ರ ಸಣ್ಣದು ಅಂತ ಅವಸರ ಮಾಡಬೇಡಿ. ಹೊಲಿಗೆ ಬೇಗ ಒಣಗುತ್ತೆ, ಒಳಗಿನ ಹೊಸ ಲಿಗಮೆಂಟಿಗೆ ರಕ್ತನಾಳ ಬೆಳೆಯಬೇಕು. ಕನಿಷ್ಠ 9 ತಿಂಗಳು ಅಖಾಡಕ್ಕೆ ಇಳಿಯೋ ಹಾಗಿಲ್ಲ. ಜ್ವರ ಬಂದರೆ, ಮೀನಖಂಡ ಊದಿ ನೋವಾದರೆ ಅವತ್ತೇ ಬರಬೇಕು.

ಈಗ ಯಾರ ಮೊಣಕಾಲು ಜಾರುತ್ತೋ ಅವರು ಮುಂದೆ ಬನ್ನಿ. ಇಲ್ಲೇ ಚಾಪೆ ಮೇಲೆ ಮಲಗಿ, ಕೈಯಿಂದ ನೋಡ್ತೀನಿ.