ತಿಪ್ಪೆಗೆ ಅರಗದ್ದು

ಕೇಳುಗರೆಲ್ಲರಿಗೂ ನಮಸ್ಕಾರ. ಕೊಳೆಯೋ ಕಸ ಯಾವ್ದು, ಕೊಳೆಯದೇ ಇರೋ ಕಸ ಯಾವ್ದು ಅಂತ ಇವತ್ತು ಒಂದಿಷ್ಟು ಮಾತಾಡಿ ಅಂದಿದ್ದಾರೆ. ಇದೇನ್ ಮಹಾ, ಮೂರನೇ ಕ್ಲಾಸಿನ ಮಕ್ಕಳೂ ಹೇಳ್ತಾವೆ ಅಂತ ನಾನೂ ಅನ್ಕೊಂಡಿದ್ದೆ, ಹೋದ ವರ್ಷ ಮಳೆ ಹಿಡಿಯೋಕೆ ಮುಂಚೆ ಊರಿಗೆ ಹೋಗಿ ಅಣ್ಣನ ಜೊತೆ ಟ್ರ್ಯಾಕ್ಟರಿಗೆ ತಿಪ್ಪೆ ಗೊಬ್ಬರ ತುಂಬೋವರೆಗೂ.

ನಮ್ಮೂರು ಚಿತ್ರದುರ್ಗದಿಂದ ಚಳ್ಳಕೆರೆ ಕಡೆ, ಶೇಂಗಾ ಸೀಮೆ. ನಮ್ಮ ಕಡೆ ತಿಪ್ಪೆಗೆ ಒಂದು ಮರ್ಯಾದೆ ಇದೆ ಮತ್ತೆ. ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪೇರುದ್ರಪ್ಪ ಅನ್ನೋ ಹೆಸರಿಲ್ಲದ ಮನೆ ಹುಡುಕ್ಬೇಕು, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಅಂದ್ರೆ ಇಡೀ ಸೀಮೆ ಕೈ ಮುಗಿಯತ್ತೆ. ಹಿಂದೆಲ್ಲಾ ಹುಟ್ಟಿದ ಕೂಸು ಉಳೀಲಿಲ್ಲ ಅಂದ್ರೆ ಮುಂದಿನ ಕೂಸನ್ನ ಒಂದು ಗಳಿಗೆ ತಿಪ್ಪೆ ಮೇಲೆ ಮಲಗಿಸಿ, ಎತ್ಕೊಂಡು, ತಿಪ್ಪ ಅಂತ ಹೆಸರಿಡೋರು. ತಿಪ್ಪೆ ಏನನ್ನ ಬೇಕಾದ್ರೂ ಅರಗಿಸ್ಕೊಳ್ಳತ್ತೆ, ಬಂದ ಗಂಡಾಂತರಾನೂ ಅರಗಿಸ್ಕೊಳ್ಳಲಿ ಅಂತಾನೋ ಏನೋ.

ಸರಿ, ಅವತ್ತು ಸಲಿಕೆ ಹಾಕಿದ್ವಿ. ಮೇಲ್ಗಡೆ ಒಣಗಿದ ಸಗಣಿ, ದನ ತಿಂದು ಬಿಟ್ಟ ಮೇವು. ಒಂದು ಮೊಳ ಕೆಳಗೆ ಹೋಗೋ ಹೊತ್ತಿಗೆ ಕರ್ರಗೆ ಪುಡಿಪುಡಿ ಗೊಬ್ಬರ, ಮೂಗಿಗೆ ಹಿಡಿದ್ರೆ ಮೊದಲ ಮಳೆ ಬಿದ್ದಂಗೆ ವಾಸನೆ, ಅದ್ರಲ್ಲಿ ಬಾಳೆಹಣ್ಣಿನ ಸಿಪ್ಪೆ ಯಾವ್ದು ಬೂದಿ ಯಾವ್ದು ಅಂತ ಬ್ರಹ್ಮ ಬಂದ್ರೂ ಹೇಳೋಕಾಗಲ್ಲ. ಇನ್ನೊಂದು ಸಲ ಸಲಿಕೆ ಹಾಕಿದೆ, ಒಳಗೆ ಹೋಗ್ಲಿಲ್ಲ, ಜಾರ್ತು. ಎಳೆದ್ರೆ ಶಾಂಪೂ ಚೀಟಿಗಳು, ಹಾಲಿನ ಕವರು, ಗುಟ್ಕಾ ಚೀಟಿ, ಆಮೇಲೆ ಬಾಯಿಗೆ ಗಂಟು ಹಾಕಿದ ಒಂದು ಕ್ಯಾರಿಬ್ಯಾಗು. ಹಾಲಿನ ಕವರ್ ಮೇಲಿನ ಅಕ್ಷರ ಓದೋ ಹಂಗಿತ್ತು. ಆ ಗಂಟು ಬಿಚ್ಚಬಾರದಿತ್ತು ಕಣ್ರಿ, ಬಿಚ್ಚಿದೆ. ಒಳಗೆ ಯಾರದೋ ಮನೆ ಅನ್ನ, ತರಕಾರಿ ಸಿಪ್ಪೆ, ಎಲ್ಲಾ ಕೂಡಿ ಕಪ್ಪು ಗಂಜಿ ಆಗಿ, ಅದ್ರ ನಾತ ಮಧ್ಯಾಹ್ನ ಊಟದವರೆಗೂ ಮೂಗಲ್ಲೇ ಇತ್ತು.

ನನಗೆ ವಿಷಯ ಅರ್ಥ ಆಗಿದ್ದು ಅಲ್ಲೇ. ಕೊಳೆಯೋ ವಸ್ತು ತಾನಾಗೇ ಕೊಳೆಯಲ್ಲ, ಅದನ್ನ ತಿನ್ನೋರು ಬೇಕು. ಬ್ಯಾಕ್ಟೀರಿಯಾ, ಬೂಷ್ಟು, ಎರೆಹುಳ. ಇವು ಕಿಣ್ವ ಅಂತ ಒಂದು ರಸ ಬಿಟ್ಟು ಅನ್ನದ ಪಿಷ್ಟನೋ ಸೊಪ್ಪಿನ ನಾರನ್ನೋ ಕತ್ತರಿಸಿ ಕತ್ತರಿಸಿ ತಿಂತಾವೆ, ಅದಕ್ಕೆ ಗಾಳಿ ಬೇಕು, ಹದವಾಗಿ ನೀರು ಬೇಕು. ಎರಡೂ ಸರಿ ಇದ್ರೆ ಗುಡ್ಡೆ ಒಳಗೆ 55ರಿಂದ 65 ಡಿಗ್ರಿ ಕಾವು ಏಳತ್ತೆ, ಚಳಿಗಾಲದ ಬೆಳಗ್ಗೆ ಕೆದಕಿದ್ರೆ ಹೊಗೆ ತರ ಹಬೆ ಬರೋದು ನೋಡಿರ್ತೀರಿ. ಗಾಳಿ ಕಟ್ಟಿದ್ರೆ ಬೇರೆ ಜಾತಿ ಬ್ಯಾಕ್ಟೀರಿಯಾ ಕೆಲಸ ಶುರು ಮಾಡ್ತಾವೆ, ಆಗ ನಾತ, ಜೊತೆಗೆ ಮೀಥೇನ್ ಗ್ಯಾಸು. ಈ ಮೀಥೇನು 100 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯತ್ತೆ, ದೊಡ್ಡ ಊರುಗಳ ಕಸದ ಗುಡ್ಡೆಗೆ ಸುಮ್ಸುಮ್ನೆ ಬೆಂಕಿ ಹತ್ಕೊಳ್ಳೋದ್ರಲ್ಲೂ ಇದ್ರ ಕೈವಾಡ ಇದೆ. ಅಂದ್ರೆ ಆ ಕವರು ತಾನೂ ಕೊಳೀಲಿಲ್ಲ, ಒಳಗಿದ್ದ ಅನ್ನಕ್ಕೂ ನೆಟ್ಟಗೆ ಕೊಳೆಯೋಕೆ ಬಿಡ್ಲಿಲ್ಲ.

ಕವರು ಯಾಕೆ ಕೊಳೆಯಲ್ಲ ಅಂದ್ರೆ ಅದು ಪಾಲಿಥಿನ್, 1933ರಲ್ಲಿ ಇಂಗ್ಲೆಂಡಿನ ಒಂದು ಲ್ಯಾಬಲ್ಲಿ ಏನೋ ಮಾಡೋಕೆ ಹೋಗಿ ಅಚಾನಕ್ಕಾಗಿ ಸಿಕ್ಕಿದ್ದು. ಕಾರ್ಬನ್ನಿಗೆ ಕಾರ್ಬನ್ ಕೈ ಹಿಡ್ಕೊಂಡಿರೋ ಉದ್ದನೆ ಸರಪಳಿ. ತಿಪ್ಪೆಯಲ್ಲಿರೋ ಜೀವಿಗಳು ಕೋಟ್ಯಂತರ ವರ್ಷದಿಂದ ಸೊಪ್ಪು ಸದೆ ತಿಂದು ಪಳಗಿದ್ದಾವೆ, ಇದು ನಿನ್ನೆ ಮೊನ್ನೆ ಬಂದ ನೆಂಟ, ಇದಕ್ಕೆ ಹಲ್ಲು ಹಾಕೋದು ಹೆಂಗೆ ಅಂತ ಅವಕ್ಕೆ ಗೊತ್ತಿಲ್ಲ. ನೀರಿನ ಬಾಟ್ಲಿ ಪ್ಲಾಸ್ಟಿಕ್ ತಿನ್ನೋ ಒಂದು ಬ್ಯಾಕ್ಟೀರಿಯಾನ 2016ರಲ್ಲಿ ಜಪಾನಿನವರು ತೋರಿಸಿದ್ರು, ನಿಜ, ಆದ್ರೆ ಅದು ಪೆಟ್ ಅನ್ನೋ ಬೇರೆ ಪ್ಲಾಸ್ಟಿಕ್ಕು, ಅದೂ ತಿನ್ನೋದು ನಿಧಾನ. ಬಿಸಿಲಿಗೆ ಬಿದ್ದ ಕವರು ಪುಡಿಯಾಗತ್ತಲ್ಲ ಅಂತೀರಿ. ಆಗತ್ತೆ, ನಮ್ಮ ದುರ್ಗದ ಬಿಸಿಲಿಗೆ ಬೇಗಾನೇ ಆಗತ್ತೆ, ಹೈವೇ ಪಕ್ಕ ಬಳ್ಳಾರಿ ಜಾಲಿ ಮುಳ್ಳಿಗೆ ಸಿಕ್ಕೊಂಡು ಗಾಳಿಗೆ ಪಟಪಟ ಅನ್ನೋ ಕವರನ್ನ ಮುಟ್ಟಿ ನೋಡಿ, ಹಪ್ಪಳದ ತರ ಮುರೀತದೆ. ಆದ್ರೆ ಆ ಚೂರು ಕೊಳೆತ ಲೆಕ್ಕ ಅಲ್ಲ, ಪ್ಲಾಸ್ಟಿಕ್ಕೇ ಸಣ್ಣದಾಯ್ತು ಅಷ್ಟೇ, ಇನ್ಮೇಲೆ ಆರಿಸೋಕೂ ಆಗಲ್ಲ.

ಇನ್ನೊಂದು ಗೊಂದಲ. ಹಸಿ ಕಸ ಅಂದ್ರೆ ಕೊಳೆಯೋದು, ಒಣ ಕಸ ಅಂದ್ರೆ ಕೊಳೆಯದ್ದು ಅಂತ ನಮ್ಮ ತಲೇಲಿ ಕೂತುಬಿಟ್ಟಿದೆ. ಹಂಗಲ್ಲ ಅದು. ಪೇಪರು, ಹತ್ತಿ ಬಟ್ಟೆ ಒಣ ಕಸ, ಆದ್ರೂ ಮಣ್ಣಿಗೆ ಹಾಕಿದ್ರೆ ಕೊಳೆಯತ್ತೆ. ಶೇಂಗಾ ಹೊಟ್ಟು, ತೆಂಗಿನ ಚಿಪ್ಪು, ಭೀಮಸಮುದ್ರದ ಕಡೆ ಅಡಿಕೆ ಸಿಪ್ಪೆ ಕೊಳೆಯೋ ಜಾತೀನೇ, ಆದ್ರೆ ಲಿಗ್ನಿನ್ ಅನ್ನೋ ಗಟ್ಟಿ ಪದಾರ್ಥ ಜಾಸ್ತಿ ಇರೋದ್ರಿಂದ ತಡ, ಮೇಲಾಗಿ ನಮ್ಮದು ಮಳೆ ಕಮ್ಮಿ ಸೀಮೆ, ಬೇಸಿಗೆಯಲ್ಲಿ ತಿಪ್ಪೆಗೆ ನಾಕು ಕೊಡ ನೀರು ಹಾಕದೇ ಇದ್ರೆ ಸೊಪ್ಪು ಕೂಡ ಒಣಗಿದ್ದು ಒಣಗಿದಂಗೇ ಇರತ್ತೆ. ಅಷ್ಟಕ್ಕೇ ಕೊಳೆಯಲ್ಲ ಅಂತ ಬೆಂಕಿ ಹಚ್ಚಬೇಡಿ.

ಮೋಸ ಮಾಡೋವೂ ಇದಾವೆ. ಟೀ ಕುಡಿಯೋ ಪೇಪರ್ ಕಪ್ಪನ್ನ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಉಜ್ಜಿದ್ರೆ ಪೇಪರೆಲ್ಲಾ ಬಿಟ್ಕೊಂಡು ತೆಳ್ಳನೆ ಪ್ಲಾಸ್ಟಿಕ್ ಪೊರೆ ಕೈಗೆ ಬರತ್ತೆ. ಮದುವೆ ಮನೇಲಿ ಬಾಳೆಲೆ ತರಾನೇ ಹಸಿರು ಬಣ್ಣ, ನರ ಎಲ್ಲಾ ಪ್ರಿಂಟ್ ಹಾಕಿದ ಎಲೆ ಹಾಕ್ತಾರಲ್ಲ, ಅದ್ರಲ್ಲಿ ಎಷ್ಟೋ ಇದೇ ಪೊರೆಯವು. ಬಾಳೆ ಬೆಳೆಯೋ ನಾಡಲ್ಲಿ ಬಾಳೆಲೆ ಫೋಟೋ ಮೇಲೆ ಊಟ! ನಮ್ಮಜ್ಜಿ ಇದ್ದಿದ್ರೆ ಎದ್ದು ಹೋಗ್ತಿದ್ಲು.

ಕಾನೂನು ಇಲ್ದೇ ಏನಿಲ್ಲ. 2016ರ ನಿಯಮದಲ್ಲೇ ಹಸಿ, ಒಣ, ಮನೆಯ ಅಪಾಯಕಾರಿ ಕಸ ಅಂತ ಮೂರು ಬೇರೆ ಮಾಡಿ ಕೊಡಿ ಅಂತ ಇತ್ತು, 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ಚಮಚ, ತಟ್ಟೆ, ಲೋಟ ಬಂದ್, ಆ ವರ್ಷದ ಕೊನೆಗೆ 120 ಮೈಕ್ರಾನಿಗಿಂತ ತೆಳು ಕ್ಯಾರಿಬ್ಯಾಗೂ ಬಂದ್. ಸಂತೆಗೆ ಹೋಗಿ ಕಾಲು ಕೆಜಿ ಹಸಿಮೆಣಸಿನಕಾಯಿ ತಗೊಳ್ಳಿ, ಬಂದ್ ಆಗಿದ್ದು ಹೆಂಗೆ ಅಂತ ಗೊತ್ತಾಗತ್ತೆ. ನಾನೂ ಚೀಲ ಮರೆತು ಎಷ್ಟೋ ಸಲ ಕೈ ಚಾಚಿದ್ದೀನಿ, ಬರೀ ಅಂಗಡಿಯವ್ರನ್ನ ಬೈದು ತಿಪ್ಪೆ ಸಾರಿಸಲ್ಲ.

ಅವತ್ತು ಆ ಗೊಬ್ಬರ ಹೊಲಕ್ಕೆ ಹೋಯ್ತು. ಎಷ್ಟು ಆರಿಸಿದ್ರೂ ಉಳಿದೇ ಉಳೀತು. ಕುಂಟೆ ಹೊಡೆಯೋವಾಗ ಕುಡಕ್ಕೆ ಕವರು ಸುತ್ಕೊಳ್ತಿತ್ತು, ಅಣ್ಣ ನಿಲ್ಲಿಸಿ ಬಿಚ್ಚೋನು, ಹತ್ತು ಹೆಜ್ಜೆ ಹೋದ್ರೆ ಮತ್ತೆ. ನಾನು ಹಿಂದೆ ಆರಿಸ್ತಾ ಹೋದೆ. ಮೇಯೋಕೆ ಬಿಟ್ಟ ದನ ಎಂಜಲು ವಾಸನೆಗೆ ಇದನ್ನೇ ಕವರ್ ಸಮೇತ ನುಂಗಿ ಹೊಟ್ಟೆ ಉಬ್ಬಿಸ್ಕೊಳ್ಳತ್ತಲ್ಲ ಅಂತ ಭಯ.

ಸಂಜೆ ಹೊತ್ತಿಗೆ ಒಂದು ಯೂರಿಯಾ ಚೀಲ ಭರ್ತಿ ಆಯ್ತು. ಗುಜರಿಯವನು ಬಂದಾಗ ಮುಂದಿಟ್ವಿ, ಕಬ್ಬಿಣ ಇದ್ರೆ ಕೊಡಿ, ಬಾಟ್ಲಿ ಇದ್ರೆ ಕೊಡಿ, ಈ ಮಣ್ಣು ಮೆತ್ತಿದ ಕವರಿಗೆ ತೂಕಾನೂ ಇಲ್ಲ ರೇಟೂ ಇಲ್ಲ ಅಂತ ಹೋದ. ಸುಡೋದು ಬೇಡ ಅಂತ ನಾನೇ ಅಂದಿದ್ದೆ. ಹಂಗಾಗಿ ಆ ಚೀಲ ಈಗಲೂ ಮೋಟರ್ ಮನೆ ಗೋಡೆಗೆ ನೇತಾಡ್ತಾ ಇದೆ, ಊರಿಗೆ ಹೋದಾಗೆಲ್ಲಾ ಅಣ್ಣ ತೋರಿಸಿ ಕೇಳ್ತಾನೆ, "ನಿನ್ ಚೀಲ ಯಾವಾಗ ತಗೊಂಡು ಹೋಗ್ತೀಯೋ?"